ವರ್ಲೀನ್ ಸಿಂಗರಿಸಿದ ಕೋಳಿ

ಭಾನುವಾರ ಮಧ್ಯಾಹ್ನ ಮೆಂಫಿಸ್‌ನ ಆ ಅಡುಗೆಮನೆಯಲ್ಲಿ ಬಿಸಿಲು ಕೂಡ ತೂಕಡಿಸುತ್ತಿತ್ತು. ಬಿಳಿ ಪರದೆಯಿಂದ ಸೋಸಿ ಬಂದ ಬೆಳಕಿನಲ್ಲಿ ಮೇಜಿನ ಮೇಲಿನ ಇಡೀ ಕೋಳಿ ಹೊಂಬಣ್ಣಕ್ಕೆ ಹೊಳೆಯುತ್ತಿತ್ತು. ಹೊಳಪು ಪಾತ್ರೆ ತೊಳೆಯುವ ಸೋಪಿನದು, ಬಣ್ಣ ಸಾಸಿನದು, ಹಬೆ ಹಿಂದೆ ಬಚ್ಚಿಟ್ಟ ಬಿಸಿ ಒದ್ದೆ ಹತ್ತಿಯದು. ಬೆಂಕಿ ಸೋಕಿದ್ದು ಚರ್ಮಕ್ಕೆ ಮಾತ್ರ, ಒಳಗೆಲ್ಲ ಹಸಿ. ಅಡುಗೆ ವಿಡಿಯೋಗಳಿಗೆ ಕೋಳಿಯನ್ನು ಮದುವಣಗಿತ್ತಿಯಂತೆ ಸಿಂಗರಿಸಿ ಕೊಡುವುದೇ ವರ್ಲೀನಳ ಕಸುಬು. ನಿಜವಾಗಿ ಬೇಯಿಸಿದರೆ ಚರ್ಮ ಸುಕ್ಕಾಗುತ್ತದೆ. ಸುಕ್ಕು ಯಾರಿಗೆ ಬೇಕು?

ಅವಳು ಕ್ಯಾಮೆರಾದ ಬ್ಯಾಟರಿ ತರುವಷ್ಟರಲ್ಲಿ ಅಪ್ಪ ಕ್ಲೀವನ್ ಮೇಜಿನ ಮುಂದೆ ಕೂತು, ಕಾಲರಿಗೆ ಕರವಸ್ತ್ರ ಸಿಕ್ಕಿಸಿಕೊಂಡಿದ್ದ. ಅಮ್ಮ ಲುವೆಲ್ಲಾ ತೀರಿಹೋಗಿ ನಾಲ್ಕು ತಿಂಗಳು. ಅಂದಿನಿಂದ ಎರಡು ಚಮಚ ಸೂಪು ಕುಡಿಸುವುದಕ್ಕೂ ಅವನ ಕೈಕಾಲು ಹಿಡಿಯಬೇಕಿತ್ತು, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

"ನಿಮ್ಮಮ್ಮ ಚರ್ಚಿಂದ ಬಂದು ಮಾಡ್ತಿದ್ದ ಕೋಳಿ ಹಂಗೇ ಇದೆ ಕಣೇ," ಎಂದ. "ಹಸಿವಾಗ್ತಿದೆ ನಂಗೆ."

ಹಸಿವು! ಆ ಮಾತಿಗಾಗಿ ಅವಳು ದೇವರಿಗೆ ಎಷ್ಟು ಮೊರೆಯಿಟ್ಟಿದ್ದಳೋ. ಈಗ ನಿಜ ಹೇಳಿದರೆ ಬಂದ ಹಸಿವು ಬಂದ ದಾರಿಯಲ್ಲೇ ಹೋಗಿಬಿಟ್ಟರೆ? ಅಪ್ಪ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ. ಮಳೆಗೆ, ಮನೆಗೆ, ಪಾದ್ರಿಯ ವಾಸಿಯಾದ ಮಂಡಿಗೆ, ಎಲ್ಲಕ್ಕೂ ವಂದನೆ ಹೇಳುತ್ತಾ ಹೋದ. ವರ್ಲೀನ್ ಕನಸಿನಲ್ಲಿದ್ದವಳಂತೆ ನಿಂತಳು. ಕೋಳಿ ಬೆಂದಿದೆ, ಅಮ್ಮ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತಾ ಇನ್ನೇನು ಬರುತ್ತಾಳೆ ಎನಿಸಿತು.

"ಆಮೆನ್," ಎಂದವನೇ ಅಪ್ಪ ಕೋಳಿಯ ಕಾಲು ಮುರಿದು ಬಾಯಿಗೆ ಎತ್ತಿದ. ಅವಳು ಹಾರಿ ಬಂದು ಅವನ ಕೈಗೆ ಹೊಡೆದಳು. ಕೋಳಿಯ ಕಾಲು ನೆಲಕ್ಕೆ ಬಿತ್ತು.

"ತಲೆ ಕೆಟ್ಟಿದೆಯೇನೇ? ಅಪ್ಪನ ಬಾಯಿಂದ ತುತ್ತು ಕಿತ್ಕೋತೀಯಾ!"

"ಹಸಿ ಅದು ಡ್ಯಾಡಿ! ಮೇಲೆ ಸೋಪು ಬಳಿದಿದೀನಿ. ತಿಂದಿದ್ರೆ ಆಸ್ಪತ್ರೆನೇ ಗತಿ!"

ಅಪ್ಪ ಮುರಿದ ಕೀಲಿನ ಗುಲಾಬಿ ಮಾಂಸವನ್ನು ನೋಡಿದ. "ಇದನ್ನ ಎಷ್ಟು ಜನ ನೋಡ್ತಾರೆ?"

"ಲಕ್ಷಗಟ್ಟಲೆ."

"ತಮ್ಮ ಕೋಳಿನೂ ಈ ಬಣ್ಣಕ್ಕೆ ಬಂತು, ಬೆಂದಿದೆ ಅಂತ ಇಳಿಸ್ಕೊಂಡ್ರೆ? ಅವ್ರ ಕೈಗೆ ಹೊಡೆಯೋರು ಯಾರಮ್ಮ?"

ಅವಳಿಗೆ ನಾಚಿಕೆಯಾಯಿತು. ಇಬ್ಬರೂ ಕೈಗೆ ಸೋಪು ಹಚ್ಚಿ ತೊಳೆದರು. ಹೆಚ್ಚಿಗೆ ತಂದಿಟ್ಟಿದ್ದ ಇನ್ನೊಂದು ಕೋಳಿಗೆ ಉಪ್ಪು, ಮೆಣಸು, ಬೆಣ್ಣೆ ಸವರಿ ಓವನ್ನಿನಲ್ಲಿ ಇಟ್ಟಳು.

"ಒಂದೂವರೆ ಗಂಟೆ ಬೇಕು ಡ್ಯಾಡಿ. ಹಸಿವು ಇರುತ್ತಾ?"

"ನೋಡೋಣ."

ಓವನ್ನಿನ ಗಾಜಿನ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ವಾಸನೆ ಮೆಲ್ಲಗೆ ಎದ್ದು ಮನೆಯೆಲ್ಲ ಓಡಾಡಿತು. ಅಪ್ಪನ ಕಣ್ಣು ಎಳೆಯುತ್ತಿತ್ತು, ಮೂಗು ಮಾತ್ರ ಎಚ್ಚರವಾಗಿತ್ತು. ಕೊನೆಗೆ ಅವಳು ಕೋಳಿಯ ತೊಡೆಗೆ ಥರ್ಮಾಮೀಟರಿನ ಮುಳ್ಳು ಚುಚ್ಚಿ, ಕಾವು ನೂರ ಅರವತ್ತೈದು ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದನ್ನು ಎರಡು ಸಲ ನೋಡಿಯೇ ಹೊರತೆಗೆದಳು. ಚರ್ಮ ಸುಕ್ಕಾಗಿ, ಒಂದು ರೆಕ್ಕೆ ಸೀದುಹೋಗಿತ್ತು.

ಅಪ್ಪ ಒಂದು ತುಂಡು ತಿಂದ, ಎರಡು ತಿಂದ. ಮೂರನೆಯದು ಬಾಯಲ್ಲಿರುವಾಗಲೇ ಅಗಿಯುವುದನ್ನು ನಿಲ್ಲಿಸಿದ. ಇಷ್ಟು ದಿನ ಒಮ್ಮೆಯೂ ಆಡದ ಮಾತು ಆಗ ಬಂತು.

"ಲುವೆಲ್ಲಾ ಸತ್ತೋದ್ಲು, ಮಗಳೇ."

"ಹೂಂ, ಡ್ಯಾಡಿ."

ಅವನು ಗಳಗಳನೆ ಅತ್ತ. ಅಳುತ್ತಲೇ ಬಾಯಲ್ಲಿದ್ದುದನ್ನು ಅಗಿದು ನುಂಗಿ, ತಟ್ಟೆಯನ್ನು ಅವಳತ್ತ ತಳ್ಳಿದ.

"ಇನ್ನೊಂದು ತುಂಡು ಹಾಕು."