ಕೆಂಪು ಮುಚ್ಚುವ ಹೊದಿಕೆ

ನಾನು ಒಂದು ಖಾಕಿ ಹೊದಿಕೆ. ಗಿರಣಿಯಿಂದ ಹೊರಬಿದ್ದಾಗ ಯಾರನ್ನಾದರೂ ಬೆಚ್ಚಗಿಡುತ್ತೇನೆ ಅಂದುಕೊಂಡಿದ್ದೆ. ಸಿಕ್ಕಿದ್ದು ಅರಣ್ಯ ಕಾವಲುಗಾರ ಕೆಂಡಗಣ್ಣಸ್ವಾಮಿಯ ಕೈಗೆ. ಅವನು ನನ್ನನ್ನು ಹೊದ್ದದ್ದಕ್ಕಿಂತ ಕಾಳ್ಗಿಚ್ಚಿಗೆ ಬಡಿದದ್ದೇ ಹೆಚ್ಚು. ಅಂಚು ಸುಟ್ಟ ಮೇಲೆ ರಾಷ್ಟ್ರೀಯ ಉದ್ಯಾನದ ಗೇಟಿನ ಮೊಳೆಗೆ ನೇತುಹಾಕಿದ. ಕಣ್ಣಿಗೆ ಹೊಡೆಯುವ ಬಣ್ಣ ಉಟ್ಟು ಬಂದವರನ್ನು ಮುಚ್ಚುವುದು ಆಮೇಲಿನ ಕೆಲಸ. ಹೊದ್ದವರೆಲ್ಲ ಮೂಗು ಮುರಿದು ನನ್ನನ್ನು ಮೂಲೆಗೆ ಎಸೆದೇ ಹೋಗುತ್ತಿದ್ದರು.

ಯುಗಾದಿ ಕಳೆದ ಮೇಲೊಂದು ಬೆಳಿಗ್ಗೆ ಗುಂಡ್ಲುಪೇಟೆಯಿಂದ ದೇವಮ್ಮಣ್ಣಿ ಎಂಬಾಕೆ ಹುಲಿ ನೋಡಲು ಬಂದಳು. ಜೊತೆಗೆ ಮಗ, ಹೊಸ ಸೊಸೆ ಚಿಕ್ಕತಾಯಿ. ಸೊಸೆ ಉಟ್ಟಿದ್ದು ಅತ್ತೆ ಹಟ ಹಿಡಿದು ಉಡಿಸಿದ ಕೆಂಪು ಸೀರೆ.

"ಕೆಂಪು ಒಳಕ್ಕೆ ಬುಡಕ್ಕಿಲ್ಲ ಕಣಮ್ಮ," ಎಂದ ಕೆಂಡಗಣ್ಣಸ್ವಾಮಿ.

"ಹೊದ್ಕೊ ಆ ಗೋಣಿತಾಟ. ಕಾಡುಪಾಪಕ್ಕೆ ಅದೇ ಸರಿ," ಎಂದಳು ಅತ್ತೆ.

ಕಾಡುಪಾಪವೆಂಬ ಆ ಪುಟ್ಟ ಪ್ರಾಣಿಯಂತೆ ಚಿಕ್ಕತಾಯಿಯ ಕಣ್ಣು ದೊಡ್ಡವು, ಮಾತು ಕಡಿಮೆ. ಅವಳು ಹುಟ್ಟಿದ ಊರು ಈ ಕಾಡಿನೊಳಗೇ ಇತ್ತು. ಊರನ್ನು ಎತ್ತಂಗಡಿ ಮಾಡಿದಾಗ ಅವಳ ಅವ್ವನ ಸಮಾಧಿ ಒಳಗೇ ಉಳಿಯಿತು. ಸಫಾರಿ ಬಸ್ಸು ಆ ದಾರಿಯಲ್ಲಿ ಹೋಗುತ್ತದೆ ಎಂಬ ಒಂದೇ ಆಸೆಗೆ ಅವಳು ಬಂದಿದ್ದಳು. ನನ್ನ ಸುಟ್ಟ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕಿಟಕಿಗೆ ಹಣೆಯಿಟ್ಟು ಕೂತಳು.

ಹೊರಗೆ ಮುತ್ತುಗದ ಮರಗಳು ಎಲೆಯಿಲ್ಲದೆ ಕೆಂಪಗೆ ಹೂಬಿಟ್ಟಿದ್ದವು. ಅವಕ್ಕೆ ಹೊದಿಸುವವರಿರಲಿಲ್ಲ.

ಊರಿನ ಹಾಳುಬಿದ್ದ ಬಾವಿ ಬಂದಾಗ ಅವಳು ಸೀಟಿನಿಂದ ಅರ್ಧ ಎದ್ದಳು. ಹುಣಸೆಮರ, ಅದರ ಬುಡದಲ್ಲಿ ಅವ್ವನ ಕಲ್ಲು. ಕಲ್ಲಿಗೆ ಬೆನ್ನು ಕೊಟ್ಟು, ಒಣಹುಲ್ಲಿನ ಬಣ್ಣದಲ್ಲಿ ಬೆರೆತು ಹುಲಿ ಮಲಗಿತ್ತು. ಅವಳ ಊರಿನವರು ಕಾಡಿನಲ್ಲಿ ಹುಲಿಯ ಹೆಸರೆತ್ತುವುದಿಲ್ಲ.

"ಅತ್ತೆ, ಬಸ್ ನಿಲ್ಲುಸ್ಸಿ. ದೊಡ್ಡಪ್ಪ ಮನಗವ್ನೆ."

ಬಸ್ಸು ನಿಂತರೆ ಅವ್ವನ ಮುಂದೆ ಒಂದು ಗಳಿಗೆ ಸಿಗುತ್ತಿತ್ತು.

"ಯಾರೇ ನಿನ್ನ ದೊಡ್ಡಪ್ಪ?" ಎಂದು ಸಿಡುಕಿದಳು ದೇವಮ್ಮಣ್ಣಿ. "ನಿನ್ ನೆಂಟ್ರುನ್ನೆಲ್ಲ ಮಾತಾಡ್ಸಕ್ಕ ನಾವು ಟಿಕೇಟ್ ತಕ್ಕಂಡಿರದು? ಬಾಯ್ ಮುಚ್ಕಂಡು ಕೂತ್ಕೊ."

ಬಸ್ಸಿಗೆ ಬಸ್ಸೇ ನಕ್ಕಿತು. ಮಗ ಮುಂದಿನ ಸೀಟಿನಲ್ಲಿ ಕಿವುಡನಂತಿದ್ದ. ಹುಲಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು. ಚಿಕ್ಕತಾಯಿ ಬಾಯಿ ಮುಚ್ಚಿಕೊಂಡಳು. ನನ್ನೊಳಗೇ ಕೈ ಮುಗಿದಳು. ಬಸ್ಸು ನಿಲ್ಲಲಿಲ್ಲ.

ಗೇಟಿಗೆ ಬಂದಾಗ ಅತ್ತೆ ಕೆಂಡ ಕಾರುತ್ತಿದ್ದಳು. "ಹುಲಿಯ ಬಾಲನೂ ಇಲ್ಲ. ಅಷ್ಟಗಲ ಕಣ್ ಬುಟ್ಕಂಡು ನೀನೇನೆ ಕಂಡೆ?"

"ಮುತ್ತುಗದ ಹೂವ," ಎಂದಳು ಚಿಕ್ಕತಾಯಿ.

ಅಷ್ಟು ಹೇಳಿ ನನ್ನನ್ನು ಕೊಡವಿ, ಮಡಿಸಿ ಮೊಳೆಗೆ ಹಾಕಿದಳು. ನನ್ನನ್ನು ಮಡಿಸಿದವಳು ಅವಳೊಬ್ಬಳೇ.

ಈಗ ನನ್ನ ಮೇಲೆ ಗೇಟಿನ ನಾಯಿ ಮಲಗುತ್ತದೆ. ಹುಲಿ ಕಾಣಲಿಲ್ಲವೆಂದು ಬೈಯುತ್ತ ಜನ ದಾಟಿಹೋಗುತ್ತಾರೆ. ಪಕ್ಕದಲ್ಲಿ ಕೂತವಳನ್ನು ಏನು ಕಂಡೆಯೆಂದು ಸರಿಯಾಗಿ ಕೇಳಿದಿರಾ ಎನ್ನಬೇಕೆನಿಸುತ್ತದೆ. ನನಗೆ ಬಾಯಿಲ್ಲ. ಅವಳಿಗಿತ್ತು.