ಆರಾಮಿದ್ದರೆ ಒಂದು ಒತ್ತಿ

"ನೀ ಈಗ ಆರಾಮ ಅದೀಯಂತಲ್ಲ," ಎಂದಳು ಗ್ರಂಥಾಲಯದ ಐಶ್ವರ್ಯ, ಟ್ಯಾಬಿನ ಮೇಲೆ ಬೆರಳಾಡಿಸುತ್ತ. "ತಿಂಗಳಾತು, ಪ್ರತಿ ಬುಧವಾರ ಒಂದು ಒತ್ತೀದಿ. ಇನ್ನೊಮ್ಮೆ ಒತ್ತಿದಿ ಅಂದ್ರ ನಿನ್ನ ಹೆಸರು ತಗದುಬಿಡ್ತಾರ."

"ನಾ ಒತ್ತೇ ಇಲ್ಲಕ್ಕಾ."

ಮೆಹಜಬೀನ ಟ್ಯಾಬಿನ ಮೇಲೆ ಬಗ್ಗಿ ನೋಡಿದಳು. ಅಂಜಿಕೆಯ ಹುಡುಗ ಹುಡುಗಿಯರಿಗೆಂದು ಇರಕಲ್ಲಗಡದ ಗ್ರಂಥಾಲಯಕ್ಕೆ ಈ ಟ್ಯಾಬು ಬಂದಿತ್ತು. ಅದರಲ್ಲಿ ಕೊಪ್ಪಳದ ಆಪ್ತಸಮಾಲೋಚಕಿ ಮೇಡಂ ಒಮ್ಮೆ ಮಾತಾಡಿಸಿದ್ದಕ್ಕೇ ಅವಳಿಗೆ ಎರಡು ರಾತ್ರಿ ನಿದ್ದೆ ಬಂದಿತ್ತು. ಮುಂದಿನ ಸರದಿ ಸಿಗುವುದು ಬಿಡುವುದು ಮನೆಯ ಫೋನಿಗೆ ಬರುವ ಯಂತ್ರದ ಕರೆಗೆ ಕೊಡುವ ಉತ್ತರದ ಮೇಲೆ ನಿಂತಿತ್ತು. ಅಂಜಿದವರ ಮೇಲೆ ಕಪ್ಪೆ ಎಸೆಯುವುದೆಂದರೆ ಇದೇ.

"ಇವತ್ತ ಬುಧವಾರ. ಸಂಜಿ ಕರೆ ನೀನ ತಗೋ," ಎಂದಳು ಐಶ್ವರ್ಯ.

ಮನೆಯಲ್ಲಿ ತಾಯಿ ಶಾಹಜಾದಬಿ ರೊಟ್ಟಿ ಬಡಿಯುತ್ತಿದ್ದಳು. ಮಗಳು ಒಳಗೆ ಹೊರಗೆ ತಿರುಗಿದಳು, ಕುಳಿತಳು, ಎದ್ದಳು.

"ಅಮ್ಮಿ, ಬುಧವಾರಕ್ಕೊಮ್ಮೆ ಯಾರರ ಫೋನ್ ಮಾಡ್ತಾರೇನು?"

"ಹೂಂ, ಒಬ್ಬಾಕಿ ಭಾಳ ಮರ್ಯಾದಿಯಿಂದ ಕೇಳ್ತಾಳ, ಹೆಂಗದೀರಿ ಅಂತ. ಆರಾಮ ಅದೀವಂತ ಒಂದು ಒತ್ತತೀನಿ."

"ಯಾಕ ಒತ್ತಿದಿ?"

"ಮತ್ತೇನಂತಾರ ಬೇಟಾ? ಮನಿಯೊಳಗ ಸಾವಿರ ತಾಪತ್ರಯ ಇರ್ತಾವು. ಊರವರಿಗೆ ಹೇಳ್ಕೊಂತ ಕುಂದ್ರಾಕಾಗತೈತಿ?"

ಊರ ರೀತಿಯೇ ಅದು. ಜ್ವರದಲ್ಲಿ ಮೈ ಸುಡುತ್ತಿದ್ದರೂ ಕೇಳಿದವರಿಗೆ ಆರಾಮ ಎನ್ನಬೇಕು. ಮೆಹಜಬೀನ ಮಾತ್ರ ಏನು, ದಿನಾ ಸಂಜೆ ಅಮ್ಮಿಗೆ ಅದನ್ನೇ ಹೇಳುತ್ತಿದ್ದಳಲ್ಲ. ನಾಚಿಕೆಯಾಯಿತು ಅವಳಿಗೆ, ಸಿಟ್ಟೂ ಬಂತು.

"ಆಕಿ ನನ್ನ ಕೇಳಾಕ ಫೋನ್ ಮಾಡ್ತಿದ್ದಳು ಅಮ್ಮಿ. ನಾ ಆರಾಮ ಇಲ್ಲ. ಕಾಲೇಜಿನ ಗೇಟ್ ತನಕಾ ಹೋಗ್ತೀನಿ, ಎದಿ ಡವಡವ ಅಂತೈತಿ, ಉಸಿರ ಸಿಗಂಗಿಲ್ಲ. ಸಂಜೀತನಕ ಬಸ್ ಸ್ಟ್ಯಾಂಡಿನಾಗ ಕುಂತು ಬರ್ತೀನಿ."

ತಾಯಿಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಅವಳು ತಿರುವಲಿಲ್ಲ.

"ಯಾವಾಗಿಂದ?"

"ದಸರಾ ಸೂಟಿ ಮುಗದಾಗಿಂದ."

ಫೋನು ಬಡಿದುಕೊಂಡಿತು. ಮೆಹಜಬೀನ ಎತ್ತಿಕೊಂಡು ಅಮ್ಮಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. ಆರಾಮಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು ಒತ್ತಿ, ಎಂದಿತು ಧ್ವನಿ. ಶಾಹಜಾದಬಿ ಹಿಟ್ಟಿನ ಕೈಯಲ್ಲೇ ಫೋನು ತೆಗೆದುಕೊಂಡು ಎರಡು ಒತ್ತಿದಳು.

"ನಿಮ್ಮ ತೊಂದರೆ ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯೇ?" ಎಂದು ಧ್ವನಿ ಮುಂದುವರಿಯಿತು.

"ಗೊತ್ತೈತ್ರಿ," ಎಂದಳು ಶಾಹಜಾದಬಿ ಫೋನಿಗೆ. "ಈಗ ಗೊತ್ತಾತ್ರಿ."

ಒತ್ತಿದ್ದಷ್ಟೇ ತಿಳಿಯುವ ಯಂತ್ರಕ್ಕೆ ಕೇಳಿಸಲಿಲ್ಲ. ಅದು ಮತ್ತೆ ಅದನ್ನೇ ಕೇಳಿತು. ಅವಳು ಮಗಳ ಕೈ ಹಿಡಿದುಕೊಂಡು, ಇನ್ನಷ್ಟು ಗಟ್ಟಿಯಾಗಿ, ಮತ್ತೆ ಹೇಳಿದಳು.