ಹೊರಗಿನ ಚಿಲಕ

ಔಷಧಿ ಕೊಂಡು ಲಿಫ್ಟಿನಿಂದ ಹೊರಬಂದ ಜಲಜಾಗೆ ಬಾಗಿಲು ಬಡಿಯುವ ಸದ್ದು ಕೇಳಿಸಿತು. ತನ್ನದೇ ಮನೆ. ಹೊರಗಿನ ಚಿಲಕವನ್ನು ಯಾರೋ ಹಾಕಿದ್ದರು. ತೆಗೆದರೆ, ತೊಂಬತ್ತೆರಡರ ತಾಯಿ ದೇವಕಿ ಹೊಸ್ತಿಲಲ್ಲೇ ನಿಂತಿದ್ದರು. ಬಡಿದು ಬಡಿದು ಬೆರಳ ಗೆಣ್ಣುಗಳು ಕೆಂಪಾಗಿದ್ದವು.

“ನಾನೇನ್ ತಪ್ಪು ಮಾಡ್ದೆ ಕಣೇ?”

ದೆಹಲಿಯಂಚಿನ ಇಂದಿರಾಪುರಂನ ಆ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಎಲ್ಲ ಮಹಡಿಗಳೂ ಒಂದೇ ಥರ. ಹಿಂದೆ ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದ್ದ ದೇವಕಿ, ಮರೆವಿನ ಕಾಯಿಲೆಯಲ್ಲಿ ಆ ಹಳೆಯ ಮನೆಯನ್ನೇ ಹುಡುಕುತ್ತ ಯಾರ್ಯಾರದೋ ಬೆಲ್ ಒತ್ತುತ್ತಿದ್ದರು. ಅದಕ್ಕೆ ಕಂಪ್ಲೇಂಟ್ ಹೋಗಿತ್ತು. ಚಿಲಕ ಹಾಕಿದ್ದ ಗಾರ್ಡ್, “ಸೆಕ್ರೆಟರಿ ಸಾಹೇಬ್ ಹೇಳಿದ್ರು” ಎಂದ.

ಜಲಜಾ ತಾಯಿಯ ಕೈ ಹಿಡಿದು ನೇರವಾಗಿ ಕ್ಲಬ್ ಹಾಲಿಗೆ ಹೋದಳು. ಸೊಸೈಟಿಯ ಭಾನುವಾರದ ಮೀಟಿಂಗ್ ನಡೆಯುತ್ತಿತ್ತು.

“ನಮ್ಮಮ್ಮನ್ನ ಕೂಡಿಹಾಕ್ಸಿದ್ದು ನೀವೇನಾ?” ಹಿಂದಿಯಲ್ಲಿ ಕೇಳಿದಳು.

ಸೆಕ್ರೆಟರಿ ತ್ಯಾಗಿ ಕುರ್ಚಿಯಿಂದ ಏಳಲಿಲ್ಲ. “ಆಂಟೀಜೀ ಒಬ್ಬರ ಕಾಯಿಲೆಗೆ ಇಡೀ ಸೊಸೈಟಿ ಯಾಕೆ ತೊಂದರೆ ಪಡಬೇಕು?”

“ಒಬ್ಬರ ಕಾಯಿಲೆನಾ? ತೊಂಬತ್ತು ದಾಟಿದ ಮೂವರಲ್ಲಿ ಒಬ್ಬರಿಗಾದರೂ ಹೀಗಾಗುತ್ತೆ ಅಂತಾರೆ ನಮ್ಮ ಡಾಕ್ಟರು. ಇಷ್ಟು ಟವರಿನಲ್ಲಿ ನಮ್ಮಮ್ಮ ಒಬ್ಬಳೇನಾ? ಮಿಕ್ಕವರೆಲ್ಲ ಎಲ್ಲಿ? ದಿನಾ ಪಾರ್ಕಿಗೆ ಬರ್ತಿದ್ದ ನಿಮ್ಮ ತಂದೆ ಎಲ್ಲಿ?”

“ಊರಿಗೆ ಹೋಗಿದ್ದಾರೆ.”

ಹಿಂದಿನ ಸಾಲಿನಲ್ಲಿ ಕೂತಿದ್ದ ತ್ಯಾಗಿಯ ಹೆಂಡತಿ ಎದ್ದು ನಿಂತಳು. “ಸುಳ್ಳು. ಮನೇಲೇ ಇದ್ದಾರೆ. ದೀಪಾವಳಿಯಿಂದ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದಾರೆ.”

“ಕೂತ್ಕೋ!” ತ್ಯಾಗಿ ಅಬ್ಬರಿಸಿದ. ಅವಳು ಕೂರಲಿಲ್ಲ. ಕೆಲವರು ಮೊಬೈಲ್ ನೋಡತೊಡಗಿದರು.

“ಈಗಲೂ ಬೀಗ ಹಾಕಿದೆಯಾ?” ಜಲಜಾ ಕೇಳಿದಳು.

“ಇದು ನಮ್ಮನೆ ವಿಷಯ!” ಎಂದ ತ್ಯಾಗಿ.

“ನಿಮ್ಮ ಬಾಗಿಲಾದರೆ ಮನೆ ವಿಷಯ, ನನ್ನ ಬಾಗಿಲಾದರೆ ಸೊಸೈಟಿ ವಿಷಯಾನಾ?”

ಅಷ್ಟರಲ್ಲಿ ಅವನ ಹೆಂಡತಿ ಪರ್ಸಿನಿಂದ ಬೀಗದ ಕೈ ತೆಗೆದು ಲಿಫ್ಟಿನತ್ತ ನಡೆದಿದ್ದಳು. ಜಲಜಾ ತಾಯಿಯೊಡನೆ ಅವಳನ್ನು ಹಿಂಬಾಲಿಸಿದಳು.

ಪರದೆ ಎಳೆದ ಆ ಹಿಂದಿನ ಕೋಣೆಯಲ್ಲಿ ತ್ಯಾಗಿಯ ತಂದೆ ಮಂಚದ ಅಂಚಿಗೆ ಕೂತಿದ್ದರು. ಪೈಜಾಮ ಪೂರ್ತಿ ಒದ್ದೆ. ಬಾಗಿಲು ತೆರೆದರೂ ಏಳಲಿಲ್ಲ. ಏಳಬಹುದು ಎಂಬುದೇ ಅವರಿಗೆ ಮರೆತಂತಿತ್ತು. ಕಂಡರೆ ಮರುಕ ಬಂದೀತು ಎಂದುಕೊಂಡಿದ್ದ ಜಲಜಾಳ ಸಿಟ್ಟು ಇನ್ನೂ ನೆತ್ತಿಗೇರಿತು.

ಏದುಸಿರು ಬಿಡುತ್ತ ತ್ಯಾಗಿ ಬಾಗಿಲಿಗೆ ಬಂದ. ಹೆಂಡತಿ ಬೀರುವಿನಿಂದ ಒಗೆದ ಪೈಜಾಮ ತೆಗೆಯುತ್ತಿದ್ದಳು. ಜಲಜಾ ಅದನ್ನು ಇಸಿದುಕೊಂಡು ಅವನ ಮುಂದೆ ಚಾಚಿದಳು.

“ನೀವು ಬದಲಾಯಿಸಿ. ನೀವೇ.”

ಅವನು ಹೆಂಡತಿಯ ಮುಖ ನೋಡಿದ. ಅವಳು ಗೋಡೆಗೆ ಒರಗಿ ನಿಂತಳು. ಅವನು ತಂದೆಯ ಮುಂದೆ ಮೊಣಕಾಲೂರುವವರೆಗೂ ಜಲಜಾ ಅಲ್ಲಿಂದ ಕದಲಲಿಲ್ಲ.